ಐಡ್ಲಿಂಗ್‌ನಲ್ಲಿ ನಿಲ್ಲದ ಹಳೆಯ ಕಾರು: ದೋಷ ಹುಡುಕುವ ದಾರಿಗಳ ಸಮೀಕ್ಷೆ

‘ರೋಡಿನ್ಯಾಗ ಚಲೋ ಓಡ್ತೈತಿ, ನಿಲ್ಸಿದ್ರ ನಡುಗಿ ಬಂದ್ ಬೀಳ್ತೈತಿ.’ ಹೊಸಪೇಟೆಯ ಗ್ಯಾರೇಜುಗಳಲ್ಲಿ ಹಳೆಯ ಪೆಟ್ರೋಲ್ ಕಾರಿನ ಬಗ್ಗೆ ಕೇಳಿಬರುವ ದೂರುಗಳಲ್ಲಿ ಇದು ತೀರ ಸಾಮಾನ್ಯ. ಹಂಪಿಗೆ ಪ್ರವಾಸಿಗರನ್ನು ಕರೆದೊಯ್ಯುವ ಓಮ್ನಿ ಇರಲಿ, ಕಂಪ್ಲಿಯ ಅಕ್ಕಿ ಗಿರಣಿಗೆ ಓಡಾಡುವ ಮಾರುತಿ 800 ಇರಲಿ, ಸಂಡೂರಿನ ಹಳೆಯ ಮನೆಯೊಂದರಲ್ಲಿ ಜತನವಾಗಿ ಉಳಿದ ಅಂಬಾಸಿಡರ್ ಇರಲಿ, ದೂರು ಒಂದೇ. ಪರಿಹಾರ ಮಾತ್ರ ಗ್ಯಾರೇಜಿಗೊಂದು. ಒಬ್ಬ ಮೇಸ್ತ್ರಿ ನೇರ ಕಾರ್ಬುರೇಟರ್ ಬಿಚ್ಚುತ್ತಾರೆ. ಇನ್ನೊಬ್ಬರು ಪಾಯಿಂಟ್ ಉಜ್ಜುತ್ತಾರೆ. ಮತ್ತೊಬ್ಬರು ಪ್ಯಾಕಿಂಗ್ ಬದಲಿಸಲು ಹೇಳುತ್ತಾರೆ. ಕೆಲವರು ಎಂಜಿನ್ ಕೆಲಸಕ್ಕೇ ಅಂದಾಜು ಬರೆಯುತ್ತಾರೆ.

ಇವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಒಂದೊಂದು ಗಾಡಿಯಲ್ಲಿ ಒಬ್ಬೊಬ್ಬರ ಮಾತು ನಿಜವಾಗಿದೆ, ಆ ಅನುಭವವೇ ಅವರ ನಂಬಿಕೆಗೆ ಬುನಾದಿ. ಆದರೆ ನಂಬಿಕೆಯಿಂದ ಕೆಲಸ ಶುರುವಾದಾಗ ಒಂದರ ಹಿಂದೊಂದು ಭಾಗ ಬದಲಾಗುತ್ತದೆ, ನಡುಕ ನಿಲ್ಲುವುದಿಲ್ಲ, ಖರ್ಚು ಮಾತ್ರ ಗಾಡಿಯನ್ನೇ ನಂಬಿ ಬದುಕುವ ಚಾಲಕನ ತಲೆಗೆ ಬರುತ್ತದೆ. ಆದ್ದರಿಂದ ಈ ವಾದಗಳನ್ನೆಲ್ಲ ಒಂದೆಡೆ ಇಟ್ಟು, ಯಾವುದು ಏನನ್ನು ವಿವರಿಸುತ್ತದೆ, ಎಲ್ಲಿ ಸೋಲುತ್ತದೆ ಎಂದು ನೋಡಬೇಕಿದೆ.

ಐಡ್ಲಿಂಗ್‌ನಲ್ಲೇ ಏಕೆ?

ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಥ್ರಾಟಲ್ ತಟ್ಟೆ ಹೆಚ್ಚುಕಡಿಮೆ ಮುಚ್ಚಿಕೊಳ್ಳುತ್ತದೆ. ಒಳಬರುವ ಗಾಳಿ ತೀರ ಕಡಿಮೆ, ಮ್ಯಾನಿಫೋಲ್ಡಿನಲ್ಲಿ ನಿರ್ವಾತ ಹೆಚ್ಚು. ಸಿಲಿಂಡರಿನೊಳಗೆ ಹಿಂದಿನ ಸುತ್ತಿನ ಸುಟ್ಟ ಅನಿಲದ ಪಾಲು ದೊಡ್ಡದು, ಹೊಸ ಮಿಶ್ರಣದ ಪಾಲು ಚಿಕ್ಕದು. ಇಂಥ ಮಿಶ್ರಣವನ್ನು ಹೊತ್ತಿಸುವುದು ಕಷ್ಟ. ನಿಮಿಷಕ್ಕೆ 800–900 ಸುತ್ತು ತಿರುಗುವ ಎಂಜಿನ್‌ನಲ್ಲಿ ಒಂದು ಸಿಲಿಂಡರ್ ಕೈಕೊಟ್ಟರೆ ಆ ಕೊರತೆಯನ್ನು ದಾಟಿಸುವಷ್ಟು ಶಕ್ತಿ ಫ್ಲೈವೀಲ್‌ನಲ್ಲಿ ಇರುವುದಿಲ್ಲ. ನಾಲ್ಕು ಸಿಲಿಂಡರಿನ ಅಂಬಾಸಿಡರ್ ಆಗ ಕಾಲುಭಾಗ ಬಲ ಕಳೆದುಕೊಳ್ಳುತ್ತದೆ. 796 ಸಿಸಿಯ, ಮೂರೇ ಸಿಲಿಂಡರಿನ ಮಾರುತಿ ಮೂರನೇ ಒಂದು ಭಾಗವನ್ನೇ ಕಳೆದುಕೊಳ್ಳುತ್ತದೆ.

ವೇಗ ಹೆಚ್ಚಿದಾಗ ಮುಚ್ಚಿಹೋಗುವ ದೌರ್ಬಲ್ಯಗಳೆಲ್ಲ ಇಲ್ಲಿ ಬಯಲಾಗುತ್ತವೆ. ಅದಕ್ಕೇ ಈ ಒಂದು ಲಕ್ಷಣದ ಹಿಂದೆ ಅಷ್ಟೊಂದು ಕಾರಣಗಳಿವೆ, ಅದಕ್ಕೇ ವಾದವೂ ಇಷ್ಟು ಕಾಲ ಮುಂದುವರಿದಿದೆ.

ವಾದ ಬೆಳೆದು ಬಂದ ಬಗೆ

ನಿಕೊಲಾಸ್ ಒಟ್ಟೊ 1876ರಲ್ಲಿ ನಾಲ್ಕು ಸ್ಟ್ರೋಕಿನ ಎಂಜಿನ್ ಓಡಿಸಿದಾಗಿನಿಂದ ಗಾಳಿ, ಇಂಧನ, ಹೊತ್ತಿಸುವಿಕೆ, ಒತ್ತಡ ಈ ನಾಲ್ಕೂ ಹೊಂದಿಕೊಳ್ಳಬೇಕೆಂಬ ನಿಯಮ ಬದಲಾಗಿಲ್ಲ. 1893ರಲ್ಲಿ ವಿಲ್‌ಹೆಲ್ಮ್ ಮೇಬಾಕ್ ರೂಪಿಸಿದ, ಫ್ಲೋಟ್ ಮತ್ತು ಜೆಟ್ ಇರುವ ಕಾರ್ಬುರೇಟರ್ ಮುಂದಿನ ನೂರು ವರ್ಷಗಳ ಕಾರ್ಬುರೇಟರುಗಳಿಗೆ ಅಡಿಪಾಯವಾಯಿತು. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಬ್ಯಾಟರಿ, ಕಾಯಿಲ್, ಪಾಯಿಂಟುಗಳ ಇಗ್ನಿಷನ್ 1910ರ ದಶಕದಲ್ಲಿ ಕಾರುಗಳಿಗೆ ಬಂತು. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ನಮ್ಮ ರಸ್ತೆಗಳಿಗೆ ಬಂದಾಗ ಅವುಗಳ ಬಾನೆಟ್ಟಿನಡಿ ಇದ್ದದ್ದು ಈ ಎರಡೂ ಪರಂಪರೆಗಳ ಸಂತಾನವೇ. ಆಗ ಮೇಸ್ತ್ರಿಗೆ ಕಿವಿಯೇ ಮುಖ್ಯ ಉಪಕರಣ. ‘ಮಿಸ್ಸಿಂಗ್’ ಯಾವ ಸಿಲಿಂಡರಿನದೆಂದು ಶಬ್ದ ಕೇಳಿ ಹೇಳುವವರಿದ್ದರು.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಮಧ್ಯಮ ವರ್ಗದ ಮನೆಗಳಿಗೂ ಕಾರು ಬಂತು, ಕಾರ್ಬುರೇಟರಿಗೆ ಸೊಲೆನಾಯ್ಡ್ ಕವಾಟಗಳೂ ಹತ್ತಾರು ನಿರ್ವಾತ ಪೈಪುಗಳೂ ಸೇರಿಕೊಂಡವು. 2000ದ ಹೊತ್ತಿಗೆ ಹೊಗೆ ನಿಯಮಗಳು ಬಿಗಿಯಾದಂತೆ ಕಾರ್ಬುರೇಟರಿನ ಜಾಗಕ್ಕೆ ಎಂಪಿಎಫ್‌ಐ, ಅಂದರೆ ಕಂಪ್ಯೂಟರ್ ಹಿಡಿತದ ಪೆಟ್ರೋಲ್ ಇಂಜೆಕ್ಷನ್, ಬಂತು. ಕಿವಿಯ ಜಾಗದಲ್ಲಿ ಸ್ಕ್ಯಾನರ್ ಕೂತಿತು. ಈಗ ನಮ್ಮ ಭಾಗದ ರಸ್ತೆಗಳಲ್ಲಿ ಈ ಎಲ್ಲ ಕಾಲಗಳ ಗಾಡಿಗಳೂ ಒಟ್ಟಿಗೆ ಓಡುತ್ತಿವೆ. ಒಂದು ಕಾಲದ ಗಾಡಿಯಲ್ಲಿ ಕಲಿತ ಪಾಠವನ್ನು ಇನ್ನೊಂದು ಕಾಲದ ಗಾಡಿಗೆ ಹಚ್ಚಿದಾಗ ವಾದ ಹುಟ್ಟುತ್ತದೆ.

ಮೊದಲ ಪಕ್ಷ: ‘ಪೆಟ್ರೋಲ್ ಬರ್ತಿಲ್ಲ’

ಅತಿ ಹೆಚ್ಚು ಬೆಂಬಲಿಗರಿರುವ ಪಕ್ಷ ಇದು. ಕಾರ್ಬುರೇಟರಿನಲ್ಲಿ ಐಡ್ಲಿಂಗ್‌ಗೆಂದೇ ಸೂಜಿ ಮೊನೆಯಷ್ಟು ಸಣ್ಣ ಜೆಟ್ ಇರುತ್ತದೆ. ಟ್ಯಾಂಕಿನ ತುಕ್ಕು, ನಿಂತು ಅಂಟಾದ ಪೆಟ್ರೋಲ್, ಒಂದು ಕಣ ಕಚರಾ ಸಾಕು, ಅದು ಕಟ್ಟಿಕೊಳ್ಳುತ್ತದೆ. ಮೇನ್ ಜೆಟ್ ಚೆನ್ನಾಗಿರುವುದರಿಂದ ಓಡುವಾಗ ತೊಂದರೆ ಕಾಣದು, ಕಾಲು ತೆಗೆದೊಡನೆ ಬಂದ್. ಚೋಕ್ ಎಳೆದರೆ ಎಂಜಿನ್ ಚೇತರಿಸಿಕೊಂಡಿತೆಂದರೆ ಪೆಟ್ರೋಲ್ ಕಡಿಮೆಯಿದೆ, ಇಲ್ಲವೇ ಗಾಳಿ ಹೆಚ್ಚಾಗಿದೆ ಎಂದರ್ಥ. ಮಾರುತಿಯ ಕಾರ್ಬುರೇಟರಿನಲ್ಲಿ ಐಡಲ್ ಸೊಲೆನಾಯ್ಡ್‌ಗೆ ಕರೆಂಟ್ ತಪ್ಪಿದರೂ ಇದೇ ಲಕ್ಷಣ. ಇಗ್ನಿಷನ್ ಆನ್ ಮಾಡಿದಾಗ ಅದು ‘ಟಕ್’ ಎನ್ನುತ್ತದೆಯೇ ಎಂದು ಕೇಳಿದರೆ ಅರ್ಧ ಉತ್ತರ ಸಿಕ್ಕಿತು. ಎಷ್ಟೋ ಕಾರ್ಬುರೇಟರುಗಳು ಈ ಒಂದು ವೈರಿನ ಸಲುವಾಗಿ ವೃಥಾ ಬಿಚ್ಚಿಸಿಕೊಳ್ಳುತ್ತವೆ.

ಪಂಪಿನ ಡಯಾಫ್ರಮ್, ಕಟ್ಟಿದ ಫಿಲ್ಟರ್, ಟ್ಯಾಂಕಿನ ಮುಚ್ಚಳದಲ್ಲಿ ಮುಚ್ಚಿಹೋದ ಗಾಳಿರಂಧ್ರ ಇವೂ ಈ ಪಕ್ಷದ ವ್ಯಾಪ್ತಿಗೇ ಸೇರುತ್ತವೆ. ಸ್ವಲ್ಪ ದೂರ ಓಡಿ ನಿಂತ ಗಾಡಿಯ ಟ್ಯಾಂಕಿನ ಮುಚ್ಚಳ ತೆಗೆದಾಗ ‘ಉಸ್’ ಎಂದು ಗಾಳಿ ಒಳನುಗ್ಗಿ, ಆಮೇಲೆ ಗಾಡಿ ಸ್ಟಾರ್ಟ್ ಆದರೆ ದೋಷ ಅಲ್ಲೇ ಇದೆ.

ಈ ಪಕ್ಷದ ದೌರ್ಬಲ್ಯವೆಂದರೆ ಏರ್ ಸ್ಕ್ರೂ. ಸ್ಕ್ರೂ ತಿರುಗಿಸಿ ಮಿಶ್ರಣ ದಪ್ಪ ಮಾಡಿದರೆ ಬೇರೆ ಯಾವ ದೋಷವಿದ್ದರೂ ಎಂಜಿನ್ ಸ್ವಲ್ಪ ಸಮಾಧಾನಗೊಳ್ಳುತ್ತದೆ. ಅದನ್ನೇ ಗುಣವೆಂದು ತಿಳಿಯಲಾಗುತ್ತದೆ. ಕೆಲವೇ ದಿನಗಳಲ್ಲಿ ಪ್ಲಗ್ ಕಪ್ಪಾಗಿ ಎರಡನೆಯ ದೋಷ ಹುಟ್ಟುತ್ತದೆ, ಮೊದಲನೆಯದರ ಸುಳಿವೂ ಮರೆಯಾಗುತ್ತದೆ.

ಎರಡನೆಯ ಪಕ್ಷ: ‘ಕರೆಂಟ್ ಕಮ್ಮಿ ಐತಿ’

ಇವರು ಮೊದಲು ಡೆಲ್ಕೋ (ಡಿಸ್ಟ್ರಿಬ್ಯೂಟರ್) ಮುಚ್ಚಳ ತೆಗೆಯುತ್ತಾರೆ. ಅಂಬಾಸಿಡರ್, ಪದ್ಮಿನಿಗಳ ಪಾಯಿಂಟ್ ಸವೆಯುತ್ತಾ ಹೋದಂತೆ ಅಂತರ ಕಿರಿದಾಗುತ್ತದೆ, ಟೈಮಿಂಗ್ ಹಿಂದಕ್ಕೆ ಸರಿಯುತ್ತದೆ, ಐಡ್ಲಿಂಗ್ ಒರಟಾಗುತ್ತದೆ. ಕಂಡೆನ್ಸರ್ ಹಾಳಾದರೆ ಪಾಯಿಂಟ್ ಸುಟ್ಟು ಗುಂಡಿ ಬೀಳುತ್ತದೆ, ಕಿಡಿ ಹಳದಿಯಾಗಿ ಸೊರಗುತ್ತದೆ. ಡೆಲ್ಕೋ ಕ್ಯಾಪಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಕರೆಂಟ್ ಅಲ್ಲಿಂದಲೇ ಹರಿದುಹೋಗುತ್ತದೆ. ಬಿಸಿಲಿನಲ್ಲಿ ಸರಿಯಿದ್ದು ಮಳೆಗಾಲದ ಬೆಳಗ್ಗೆ ಮಾತ್ರ ನಡುಗುವ ಗಾಡಿಯ ಒಗಟನ್ನು ಚೆನ್ನಾಗಿ ಬಿಡಿಸುವುದು ಈ ಪಕ್ಷವೇ. ಕತ್ತಲಲ್ಲಿ ಬಾನೆಟ್ ಎತ್ತಿ ನೋಡಿದರೆ ಹಳೆಯ ಹೈಟೆನ್ಷನ್ ವೈರುಗಳ ಮೈಮೇಲೆ ನೀಲಿ ಕಿಡಿ ಹರಿದಾಡುವುದು ಕಾಣುತ್ತದೆ. ಇದಕ್ಕಿಂತ ಅಗ್ಗದ ಪರೀಕ್ಷೆ ಇನ್ನೊಂದಿಲ್ಲ.

ಆದರೆ ಕಿಡಿ ಕಂಡರೆ ಸಾಕು, ಇಗ್ನಿಷನ್ ಸರಿಯಿದೆ ಎಂದುಕೊಳ್ಳುವಂತಿಲ್ಲ. ಹೊರಗೆ ಗಾಳಿಯಲ್ಲಿ ಹಾರುವ ಕಿಡಿ ಸಿಲಿಂಡರಿನ ಒತ್ತಡದಲ್ಲಿ ಹಾರದೆ ಹೋಗಬಹುದು. ಅಂತೆಯೇ ಪ್ಲಗ್ ಕಪ್ಪಾಗಿದ್ದರೆ ಕರೆಂಟೇ ತಪ್ಪಿತಸ್ಥ ಎನ್ನಲಾಗದು. ದಪ್ಪ ಮಿಶ್ರಣವೂ, ಎಂಜಿನ್ನಿಗೆ ನುಗ್ಗಿದ ಆಯಿಲೂ ಅದೇ ಬಣ್ಣ ಬಿಡುತ್ತವೆ.

ಮೂರನೆಯ ಪಕ್ಷ: ‘ಗಾಳಿ ಎಳೀತೈತಿ’

ಥ್ರಾಟಲಿನಿಂದ ಕೆಳಗೆ ಎಲ್ಲಿ ಸಂದು ಬಿಟ್ಟರೂ ಲೆಕ್ಕಕ್ಕೆ ಸಿಗದ ಗಾಳಿ ಒಳನುಗ್ಗಿ ಮಿಶ್ರಣವನ್ನು ತೆಳುಮಾಡುತ್ತದೆ. ಮ್ಯಾನಿಫೋಲ್ಡಿನ ಪ್ಯಾಕಿಂಗ್, ಬಿರುಕುಬಿಟ್ಟ ರಬ್ಬರ್ ಪೈಪು, ಬ್ರೇಕ್ ಬೂಸ್ಟರಿನ ಪೈಪು, ಡೆಲ್ಕೋದ ವ್ಯಾಕ್ಯೂಮ್ ಡಯಾಫ್ರಮ್, ಸವೆದ ಥ್ರಾಟಲ್ ಸ್ಪಿಂಡಲ್ ಎಲ್ಲವೂ ಶಂಕಿತರೇ. ಬ್ರೇಕ್ ಒತ್ತಿದಾಗಲೇ ಎಂಜಿನ್ ಬಂದ್ ಬೀಳುವುದಾದರೆ ಮೊದಲು ಬೂಸ್ಟರ್ ನೋಡಬೇಕು. ಪೈಪುಗಳನ್ನು ಒಂದೊಂದಾಗಿ ಹಿಸುಕಿ ಹಿಡಿದು ಎಂಜಿನ್ನಿನ ಸ್ವರ ಬದಲಾಗುವುದನ್ನು ಗಮನಿಸಿದರೆ ಸೋರುವ ಜಾಗ ಸಿಗುತ್ತದೆ. ಕೆಲವರು ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಚಿಮುಕಿಸಿ ನೋಡುತ್ತಾರೆ. ಬೆಂಕಿ ಹೊತ್ತಿಕೊಳ್ಳುವ ಆ ದಾರಿ ಬೇಡವೇ ಬೇಡ, ಸೋಪಿನ ನೀರು ಸಾಕು.

ವ್ಯಾಕ್ಯೂಮ್ ಗೇಜ್ ಈ ಪಕ್ಷದ ಮುಖ್ಯ ಆಯುಧ. ಸಮುದ್ರಮಟ್ಟದಲ್ಲಿ ಆರೋಗ್ಯವಂತ ಎಂಜಿನ್ ಐಡ್ಲಿಂಗ್‌ನಲ್ಲಿ 17ರಿಂದ 21 ಇಂಚು ಪಾದರಸ ತೋರಿಸುತ್ತದೆ. ಪ್ರತಿ ಸಾವಿರ ಅಡಿ ಎತ್ತರಕ್ಕೆ ಸುಮಾರು ಒಂದು ಇಂಚು ಕಳೆಯಬೇಕು. ಹೊಸಪೇಟೆ ಇರುವುದು ಸುಮಾರು 480 ಮೀಟರ್ ಎತ್ತರದಲ್ಲಿ, ಆದ್ದರಿಂದ ಇಲ್ಲಿ ಒಂದೂವರೆ ಇಂಚು ಕಡಿಮೆ ತೋರಿಸಿದರೆ ಅದು ರೋಗವಲ್ಲ. ಮುಳ್ಳು ಸ್ಥಿರವಾಗಿ ಕೆಳಗಿದ್ದರೆ ಸೋರಿಕೆಯನ್ನೋ ಹಿಂದೆ ಬಿದ್ದ ಟೈಮಿಂಗನ್ನೋ ಸಂಶಯಿಸಬೇಕು. ಲಯಬದ್ಧವಾಗಿ ಕುಣಿಯುತ್ತಿದ್ದರೆ ವಾಲ್ವಿನ ಕಡೆ ತಿರುಗಬೇಕು.

ನಮ್ಮ ಭಾಗದ ಕೆಂಪು ಧೂಳಿನ ಪ್ರಶ್ನೆ ಇಲ್ಲಿ ಬರುತ್ತದೆ. ಸಂಡೂರಿನ ಬೆಟ್ಟಗಳ ಅದಿರು ಹೆಮಟೈಟ್, ಕಬ್ಬಿಣದ ಅಂಶ ಹೆಚ್ಚಿರುವ ಗಟ್ಟಿ ಖನಿಜ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸುವ ಮೊದಲಿನ ವರ್ಷಗಳಲ್ಲಿ ಅದಿರು ಲಾರಿಗಳ ಸಾಲಿನ ನಡುವೆ ಓಡಿದ ಕಾರುಗಳು ಈ ಧೂಳನ್ನು ಉಂಡಿವೆ. ‘ಫಿಲ್ಟರ್ ಕಟ್ಟಿದೆ, ಅದಕ್ಕೇ ಐಡ್ಲಿಂಗ್ ಇಲ್ಲ’ ಎಂಬ ಮಾತು ಅಂದಿನಿಂದ ಇಲ್ಲಿ ಬೇರೂರಿದೆ. ಅದನ್ನು ಸ್ವಲ್ಪ ತಿದ್ದಿ ಹೇಳಬೇಕು. ಐಡ್ಲಿಂಗ್‌ನಲ್ಲಿ ಎಂಜಿನ್ ಎಳೆಯುವ ಗಾಳಿಯೇ ಕಡಿಮೆ, ಆದ್ದರಿಂದ ಅರ್ಧ ಕಟ್ಟಿದ ಫಿಲ್ಟರ್ ಕಾಡುವುದು ಘಾಟಿ ಏರುವಾಗ. ಐಡ್ಲಿಂಗ್ ಕೆಡಿಸುವ ಧೂಳು ಫಿಲ್ಟರನ್ನು ದಾಟಿ ಒಳಹೋದದ್ದು. ಅದು ಕಾರ್ಬುರೇಟರಿನ ಸಣ್ಣ ಏರ್ ಜೆಟ್ಟುಗಳನ್ನು ಮುಚ್ಚುತ್ತದೆ, ಥ್ರಾಟಲ್ ಸ್ಪಿಂಡಲನ್ನು ಅರೆದು ಸಡಿಲ ಮಾಡುತ್ತದೆ. ಹೊಸ ಫಿಲ್ಟರ್ ಹಾಕಿದರೂ ನಡುಕ ನಿಲ್ಲದಿರುವುದು ಇದರಿಂದಲೇ. ಸ್ಪಿಂಡಲನ್ನು ಬೆರಳಲ್ಲಿ ಅಲುಗಾಡಿಸಿ ನೋಡುವುದು ಇಲ್ಲಿನ ಗಾಡಿಗಳಿಗೆ ಕಡ್ಡಾಯವಾಗಬೇಕು.

ನಾಲ್ಕನೆಯ ಪಕ್ಷ: ‘ಎಂಜಿನ್ನೇ ಸೋತೈತಿ’

ವಾಲ್ವ್, ರಿಂಗ್, ಹೆಡ್ ಪ್ಯಾಕಿಂಗ್ ಸೋರಿದರೆ ಯಾವ ಟ್ಯೂನಿಂಗೂ ನಿಲ್ಲದು. ಟ್ಯಾಪೆಟ್ ತೀರ ಬಿಗಿಯಾದ ಎಂಜಿನ್ ಬಿಸಿಯಾದಾಗ ವಾಲ್ವ್ ಪೂರ್ತಿ ಕೂರದೆ ಐಡ್ಲಿಂಗ್‌ನಲ್ಲಿ ನಡುಗುತ್ತದೆ, ವೇಗದಲ್ಲಿ ಸುಧಾರಿಸುತ್ತದೆ. 2000ದ ಫೆಬ್ರವರಿಯಲ್ಲಿ ದೇಶಾದ್ಯಂತ ಸೀಸರಹಿತ ಪೆಟ್ರೋಲ್ ಬಂದಮೇಲೆ ಗಟ್ಟಿ ಸೀಟುಗಳಿಲ್ಲದ ಹಳೆಯ ಹೆಡ್ಡುಗಳಲ್ಲಿ ಎಕ್ಸಾಸ್ಟ್ ವಾಲ್ವಿನ ಸೀಟು ಸವೆದು ಟ್ಯಾಪೆಟ್ ತಾನಾಗಿ ಬಿಗಿಯಾಗುವ ಸಂಭವ ಹೆಚ್ಚಿತು. ಈ ಪಕ್ಷಕ್ಕೆ ಪ್ರಮಾಣ ಸುಲಭ. ಕಂಪ್ರೆಷನ್ ಗೇಜಿನಲ್ಲಿ ಎಲ್ಲ ಸಿಲಿಂಡರುಗಳೂ ಹತ್ತಿರ ಹತ್ತಿರ ಇರಬೇಕು. ಒಂದು ಮಾತ್ರ ತೀರ ಕೆಳಗಿದ್ದರೆ ವಾಲ್ವನ್ನೋ ರಿಂಗನ್ನೋ, ಪಕ್ಕಪಕ್ಕದ ಎರಡು ಕೆಳಗಿದ್ದರೆ ಅವುಗಳ ನಡುವಿನ ಹೆಡ್ ಪ್ಯಾಕಿಂಗನ್ನು ಸಂಶಯಿಸಬೇಕು. ಗೇಜ್ ಹಾಕದೆ ಎಂಜಿನ್ ಇಳಿಸುವ ಮಾತಾಡುವುದು ಮಾಲೀಕನಿಗೆ ಮಾಡುವ ಅನ್ಯಾಯ.

ಡೀಸೆಲ್ ಜೀಪುಗಳ ಲೆಕ್ಕ ಬೇರೆ. ಅಲ್ಲಿ ಪ್ಲಗ್ಗೂ ಇಲ್ಲ, ಡೆಲ್ಕೋವೂ ಇಲ್ಲ. ಐಡ್ಲಿಂಗ್ ಕೆಟ್ಟರೆ ಲೈನಿನಲ್ಲಿ ಏರ್ ಹಿಡಿದಿದೆಯೇ, ಫಿಲ್ಟರ್ ಕಟ್ಟಿದೆಯೇ, ನಾಝಲ್ ಸರಿಯಾಗಿ ಸಿಂಪಡಿಸುತ್ತಿದೆಯೇ ಎಂಬುದಷ್ಟೇ ಮೊದಲ ಪ್ರಶ್ನೆಗಳು.

ಐದನೆಯ ಪಕ್ಷ: ‘ಸ್ಕ್ಯಾನರ್ ಹಾಕಿ ನೋಡ್ರಿ’

ಎಂಪಿಎಫ್‌ಐ ಗಾಡಿಯಲ್ಲಿ ಐಡ್ಲಿಂಗ್ ಹಿಡಿಯುವುದು ಸ್ಕ್ರೂ ಅಲ್ಲ, ಕಂಪ್ಯೂಟರ್. ಥ್ರಾಟಲ್ ಬಾಡಿಯಲ್ಲಿ ಕಟ್ಟಿದ ಇಂಗಾಲ, ಅಂಟಿಕೊಂಡ ಐಡಲ್ ಏರ್ ವಾಲ್ವ್, ತಪ್ಪು ಹೇಳುವ ಉಷ್ಣತಾ ಸೆನ್ಸರ್ ಇಲ್ಲಿನ ಸಾಮಾನ್ಯ ದೋಷಗಳು. ಹಳೆಯ ಪಾಠ ಇಲ್ಲಿ ತಲೆಕೆಳಗಾಗುವುದೂ ಉಂಟು. ಮ್ಯಾನಿಫೋಲ್ಡಿನ ಒತ್ತಡ ಅಳೆದು ಪೆಟ್ರೋಲ್ ಕೊಡುವ ಗಾಡಿಯಲ್ಲಿ ಗಾಳಿ ಸೋರಿದರೆ ಕಂಪ್ಯೂಟರ್ ಅದಕ್ಕೂ ಪೆಟ್ರೋಲ್ ಸೇರಿಸುತ್ತದೆ, ಆಗ ಐಡ್ಲಿಂಗ್ ಬೀಳುವ ಬದಲು ಏರುವುದೇ ಹೆಚ್ಚು.

ಸ್ಕ್ಯಾನರಿಗೆ ಎರಡು ಮಿತಿಗಳಿವೆ. ನಮ್ಮಲ್ಲಿ ಆನ್‌ಬೋರ್ಡ್ ಡಯಾಗ್ನಾಸ್ಟಿಕ್ಸ್ ಕಡ್ಡಾಯವಾಗತೊಡಗಿದ್ದು 2010ರಿಂದ ಈಚೆಗೆ. ಅದಕ್ಕಿಂತ ಹಳೆಯ ಗಾಡಿಗಳು ಹೇಳುವುದು ಸ್ವಲ್ಪವೇ. ಎರಡನೆಯದಾಗಿ ಯಂತ್ರ ತೋರಿಸುವುದು ಯಾವ ಸೆನ್ಸರಿನ ಸಂಕೇತ ಅಸಹಜವೆಂಬುದನ್ನು ಮಾತ್ರ. ಸಂಕೇತ ಕೆಟ್ಟದ್ದು ಸೆನ್ಸರಿನಿಂದಲೋ, ತುಕ್ಕು ಹಿಡಿದ ಕನೆಕ್ಟರಿನಿಂದಲೋ, ಸಿಲಿಂಡರಿನ ಸ್ಥಿತಿಯಿಂದಲೋ ಎಂದು ಮನುಷ್ಯನೇ ತೀರ್ಮಾನಿಸಬೇಕು.

ಬಿಸಿಲಿನಲ್ಲಿ ಬಂದ್: ಒಂದೇ ಲಕ್ಷಣ, ಎರಡು ವಿವರಣೆ

ಪಕ್ಷಗಳ ನಡುವಿನ ತೀವ್ರ ಜಟಾಪಟಿ ನಡೆಯುವುದು ಇಲ್ಲಿ. ಬೇಸಿಗೆಯ ಮಧ್ಯಾಹ್ನ, ಪಾದರಸ 40 ಡಿಗ್ರಿ ದಾಟಿದಾಗ, ಹಂಪಿಯ ಜನಜಂಗುಳಿಯಲ್ಲೋ ರೈಲ್ವೆ ಗೇಟಿನ ಮುಂದೋ ನಿಂತ ಕಾರು ನಡುಗಿ ಆಫ್ ಆಗುತ್ತದೆ. ಅರ್ಧ ಗಂಟೆ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತದೆ.

ಪೆಟ್ರೋಲ್ ಪಕ್ಷ ಇದನ್ನು ಏರ್‌ಲಾಕ್ ಎನ್ನುತ್ತದೆ. ಪೆಟ್ರೋಲಿನ ಹಗುರ ಅಂಶಗಳು ಸುಮಾರು 40 ಡಿಗ್ರಿಯ ಆಸುಪಾಸಿನಲ್ಲೇ ಕುದಿಯತೊಡಗುತ್ತವೆ. ಬಾನೆಟ್ಟಿನಡಿಯ ಶಾಖ ಅದಕ್ಕಿಂತ ಎಷ್ಟೋ ಹೆಚ್ಚು. ಎಂಜಿನ್ನಿಗೆ ಅಂಟಿಕೊಂಡ ಮೆಕ್ಯಾನಿಕಲ್ ಪಂಪು ದ್ರವದ ಬದಲು ಆವಿಯನ್ನೇ ಎಳೆಯುತ್ತದೆ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುವ ಚಾಲಕರ ರೂಢಿ ಇದರಿಂದಲೇ ಬಂದದ್ದು. ಕರೆಂಟ್ ಪಕ್ಷ ಒಪ್ಪುವುದಿಲ್ಲ. ಹಳೆಯ ಕಾಯಿಲ್, ಕಂಡೆನ್ಸರ್, ಎಲೆಕ್ಟ್ರಾನಿಕ್ ಮಾಡ್ಯೂಲ್ ಬಿಸಿಯಾದಾಗ ಸೋಲುತ್ತವೆ, ತಣಿದಾಗ ಎದ್ದುಕೊಳ್ಳುತ್ತವೆ. ಒದ್ದೆ ಬಟ್ಟೆ ಹಾಕಿ ಕಾಯುವಷ್ಟು ಹೊತ್ತಿನಲ್ಲಿ ಕಾಯಿಲೂ ತಣಿದಿರುತ್ತದೆ, ಗುಣವಾದದ್ದು ಯಾವುದರಿಂದ ಎಂದು ಆ ಪಕ್ಷ ಕೇಳುತ್ತದೆ.

ಪ್ರಶ್ನೆ ನ್ಯಾಯವಾದದ್ದೇ. ತಣಿಸುವುದು ಚಿಕಿತ್ಸೆಯಾದೀತೇ ಹೊರತು ಪರೀಕ್ಷೆಯಾಗದು. ಪರೀಕ್ಷೆ ನಡೆಯಬೇಕಾದದ್ದು ಗಾಡಿ ನಿಂತ ಮರುಗಳಿಗೆಯಲ್ಲಿ. ಕಾರ್ಬುರೇಟರಿನ ಬಾಯಿಯೊಳಗೆ ನೋಡುತ್ತಾ ಥ್ರಾಟಲ್ ಎಳೆದರೆ ಆಕ್ಸಿಲರೇಟರ್ ಪಂಪು ಪೆಟ್ರೋಲ್ ಚಿಮ್ಮಿಸುತ್ತದೆಯೇ? ಆಮೇಲೆ, ಕಾರ್ಬುರೇಟರಿನಿಂದ ದೂರದಲ್ಲಿ, ಬಿಡಿ ಪ್ಲಗ್ ಒಂದನ್ನು ವೈರಿಗೆ ಸಿಕ್ಕಿಸಿ ಎಂಜಿನ್ನಿನ ಕಬ್ಬಿಣಕ್ಕೆ ತಾಗಿಸಿ ಸೆಲ್ಫ್ ಹೊಡೆದರೆ ಕಿಡಿ ಬರುತ್ತದೆಯೇ? ಪೆಟ್ರೋಲ್ ಚಿಮ್ಮಿ ಕಿಡಿ ಬಾರದಿದ್ದರೆ ಕರೆಂಟ್ ಪಕ್ಷ ಗೆದ್ದಿತು, ಕಿಡಿ ಬಂದು ಪೆಟ್ರೋಲ್ ಇಲ್ಲದಿದ್ದರೆ ಪೆಟ್ರೋಲ್ ಪಕ್ಷ. ಎಸ್‌ಯು ಕಾರ್ಬುರೇಟರ್ ಇರುವ ಹಳೆಯ ಅಂಬಾಸಿಡರಿನಲ್ಲಿ ಆಕ್ಸಿಲರೇಟರ್ ಪಂಪಿಲ್ಲ, ಅಲ್ಲಿ ಫ್ಲೋಟ್ ಬಟ್ಟಲಿನಲ್ಲಿ ಪೆಟ್ರೋಲ್ ಇದೆಯೇ ಎಂದು ನೋಡಬೇಕು. ಒಂದು ಬಿಡಿ ಪ್ಲಗ್ ಡಿಕ್ಕಿಯಲ್ಲಿಟ್ಟುಕೊಂಡರೆ ಈ ವ್ಯಾಜ್ಯ ರಸ್ತೆಯ ಬದಿಯಲ್ಲೇ ಮುಗಿಯುತ್ತದೆ.

ಪಕ್ಷಕ್ಕಿಂತ ಕ್ರಮ ದೊಡ್ಡದು

ಐದೂ ಪಕ್ಷಗಳಲ್ಲಿ ಸತ್ಯವಿದೆ. ತಪ್ಪು ನಡೆಯುವುದು ಕ್ರಮದಲ್ಲಿ. ಬಿಚ್ಚದೆ ಮಾಡಬಹುದಾದ ಪರೀಕ್ಷೆ ಮೊದಲು, ಬಿಚ್ಚುವುದು ಆಮೇಲೆ, ಏರ್ ಸ್ಕ್ರೂ ಎಲ್ಲಕ್ಕಿಂತ ಕೊನೆಗೆ. ಅದಕ್ಕೂ ಮೊದಲು ಮಾಲೀಕನನ್ನು ಕೇಳಬೇಕು: ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ? ಮಳೆಯಲ್ಲೋ? ಪೆಟ್ರೋಲ್ ತುಂಬಿಸಿದ ಮರುದಿನವೋ? ಲೈಟ್, ಎಸಿ ಹಾಕಿದಾಗಲೋ? ರೋಗಿಯ ಮಾತು ಕೇಳದೆ ಔಷಧ ಬರೆಯುವ ವೈದ್ಯನಂತೆ ಈ ಪ್ರಶ್ನೆಗಳನ್ನು ಬಿಟ್ಟು ಪಾನಾ ಹಿಡಿಯಬಾರದು.

ಬಳಿಕ ಸಿಲಿಂಡರುಗಳನ್ನು ಒಂದೊಂದಾಗಿ ಬಂದ್ ಮಾಡಿ ನೋಡಬೇಕು. ಯಾವುದರ ಕಿಡಿ ತಪ್ಪಿಸಿದರೂ ಎಂಜಿನ್ನಿನ ಸ್ವರ ಬೀಳುವುದಿಲ್ಲವೋ ದೋಷ ಆ ಸಿಲಿಂಡರಿನಲ್ಲಿದೆ. ಎಲ್ಲವೂ ಸಮನಾಗಿ ಬಿದ್ದರೆ ದೋಷ ಎಲ್ಲಕ್ಕೂ ಸೇರಿದ ಜಾಗದಲ್ಲಿ, ಅಂದರೆ ಕಾರ್ಬುರೇಟರ್, ಕಾಯಿಲ್ ಅಥವಾ ಟೈಮಿಂಗಿನಲ್ಲಿದೆ. ಎಲೆಕ್ಟ್ರಾನಿಕ್ ಇಗ್ನಿಷನ್ ಇರುವ ಗಾಡಿಯಲ್ಲಿ ವೈರನ್ನು ಕಿತ್ತು ಗಾಳಿಯಲ್ಲಿ ಬಿಡಬಾರದು, ಅರ್ತ್ ಕೊಡಬೇಕು. ಗ್ಯಾಸ್ ಕಿಟ್ ಇರುವ ಓಮ್ನಿಯಲ್ಲಿ ಪರೀಕ್ಷೆ ಇನ್ನೂ ಸುಲಭ. ಪೆಟ್ರೋಲಿನಲ್ಲೂ ಗ್ಯಾಸಿನಲ್ಲೂ ಒಂದೇ ರೀತಿ ನಡುಗಿದರೆ ಪೆಟ್ರೋಲ್ ಪಕ್ಷವನ್ನು ಬಹುಮಟ್ಟಿಗೆ ಕೈಬಿಡಬಹುದು.

ಎಲ್ಲರ ಕೈಯಲ್ಲಿದ್ದೂ ಯಾರೂ ಓದದ ದಾಖಲೆಯೊಂದಿದೆ: ಹೊಗೆ ತಪಾಸಣೆಯ ಚೀಟಿ. ಪೆಟ್ರೋಲ್ ಕಾರಿನ ತಪಾಸಣೆ ಐಡ್ಲಿಂಗ್‌ನಲ್ಲೇ ನಡೆಯುತ್ತದೆ. ಭಾರತ್ ಸ್ಟೇಜ್ 2ಕ್ಕಿಂತ ಹಿಂದಿನ ಕಾರಿಗೆ ಕಾರ್ಬನ್ ಮಾನಾಕ್ಸೈಡಿನ ಮಿತಿ ಶೇ 3, ಹೈಡ್ರೋಕಾರ್ಬನ್ 1500 ಪಿಪಿಎಂ. ಸ್ಟೇಜ್ 2 ಮತ್ತು 3ರ ಕಾರಿಗೆ ಶೇ 0.5 ಮತ್ತು 750. ಮೊದಲ ಅಂಕಿ ಏರಿದ್ದರೆ ಮಿಶ್ರಣ ದಪ್ಪ. ಮೊದಲನೆಯದು ಸರಿಯಿದ್ದು ಎರಡನೆಯದು ಮಾತ್ರ ಏರಿದ್ದರೆ ಪೆಟ್ರೋಲ್ ಸುಡದೆ ಹೊರಹೋಗುತ್ತಿದೆ, ಅಂದರೆ ಮಿಸ್ಸಿಂಗ್. ಪಾಸೋ ಫೇಲೋ ಎಂದಷ್ಟೇ ನೋಡಿ ಮಡಚಿಡುವ ಈ ಚೀಟಿಗಳನ್ನು ವರ್ಷವರ್ಷ ಕೂಡಿಟ್ಟರೆ ಗಾಡಿಯ ಆರೋಗ್ಯದ ಚರಿತ್ರೆಯೇ ಸಿಗುತ್ತದೆ.

ಇನ್ನೂ ಇತ್ಯರ್ಥವಾಗದ್ದು

ಮೊದಲನೆಯದು ಎಥನಾಲ್. 2022ರಲ್ಲಿ ಶೇ 10ಕ್ಕೆ ಮುಟ್ಟಿದ ಬೆರಕೆ 2023ರಿಂದ ಶೇ 20ರತ್ತ ಸಾಗಿತು. ಒಂದು ಕೆಜಿ ಪೆಟ್ರೋಲ್ ಉರಿಯಲು ಸುಮಾರು 14.7 ಕೆಜಿ ಗಾಳಿ ಬೇಕು, ಎಥನಾಲಿಗೆ 9 ಸಾಕು. ಹಾಗಾಗಿ ಶುದ್ಧ ಪೆಟ್ರೋಲಿಗೆ ಹೊಂದಿಸಿದ ಕಾರ್ಬುರೇಟರಿನಲ್ಲಿ ಮಿಶ್ರಣ ತೆಳುವಾಗುತ್ತದೆ. ಆಕ್ಸಿಜನ್ ಸೆನ್ಸರ್ ಇರುವ ಎಂಪಿಎಫ್‌ಐ ಸರಿದೂಗಿಸಿಕೊಳ್ಳುತ್ತದೆ, ಕಾರ್ಬುರೇಟರಿಗೆ ಆ ಶಕ್ತಿಯಿಲ್ಲ. ನೀತಿ ಆಯೋಗದ 2021ರ ವರದಿ ಹಳೆಯ ಕಾರುಗಳ ಮೈಲೇಜು ಶೇ 6–7ರಷ್ಟು ಕುಗ್ಗಬಹುದೆಂದು ಹೇಳಿತು. ಐಡ್ಲಿಂಗ್ ಕೆಡುವುದರಲ್ಲಿ, ಹಳೆಯ ರಬ್ಬರ್ ಮೆತ್ತಗಾಗುವುದರಲ್ಲಿ, ಮಳೆಗಾಲದಲ್ಲಿ ತೇವ ಹೀರಿ ನೀರು ಬೇರ್ಪಡುವುದರಲ್ಲಿ ಎಥನಾಲಿನ ಪಾಲೆಷ್ಟು, ಗಾಡಿಯ ಮುಪ್ಪಿನ ಪಾಲೆಷ್ಟು ಎಂಬುದು ಗ್ಯಾರೇಜುಗಳಲ್ಲಿ ಇನ್ನೂ ಬಿಸಿ ಚರ್ಚೆ. ಜೆಟ್ ಒಂದು ಗಾತ್ರ ದೊಡ್ಡದು ಹಾಕಬೇಕೆನ್ನುವವರೂ ಮುಟ್ಟಬಾರದೆನ್ನುವವರೂ ಇದ್ದಾರೆ.

ಎರಡನೆಯದು, ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಬೇಕೇ ಎಂಬುದು. ಕಿಡಿ ಸ್ಥಿರವಾಗುತ್ತದೆ ನಿಜ. ಆದರೆ ಪಾಯಿಂಟ್ ಸೋಲುವ ಮೊದಲು ಮುನ್ಸೂಚನೆ ಕೊಡುತ್ತದೆ, ಸ್ಯಾಂಡ್‌ಪೇಪರ್ ಚೂರಿನಿಂದ ದಾರಿಯಲ್ಲೇ ರಿಪೇರಿಯಾಗುತ್ತದೆ. ಮಾಡ್ಯೂಲ್ ಏನೂ ಹೇಳದೆ ನಿಲ್ಲುತ್ತದೆ. ಸಂಡೂರಿನ ಘಾಟಿಯಲ್ಲಿ ಯಾವುದು ಹೆಚ್ಚು ನಂಬಿಕಸ್ಥ ಎಂಬುದಕ್ಕೆ ಒಂದೇ ಉತ್ತರವಿಲ್ಲ.

ಮೂರನೆಯದು ಹಣದ್ದು. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ ₹600ರಿಂದ ₹5,000ಕ್ಕೆ ಏರಿತು. ಕಾರಿನ ಬೆಲೆಗೂ ಎಂಜಿನ್ ಕೆಲಸದ ಖರ್ಚಿಗೂ ಅಂತರ ಕಡಿಮೆಯಾದಾಗ ದುರಸ್ತಿಗೆ ಎಲ್ಲಿ ಗೆರೆ ಎಳೆಯಬೇಕು ಎಂಬುದನ್ನು ಯಾವ ಗೇಜೂ ಹೇಳಲಾರದು.

ಕೊನೆಯದು ವಿದ್ಯೆಯ ಪ್ರಶ್ನೆ. ಕಿವಿಯಿಂದ ಮಿಸ್ಸಿಂಗ್ ಹಿಡಿಯುವ ಹಿರಿಯ ಮೇಸ್ತ್ರಿಗಳಿಗೆ ಸ್ಕ್ಯಾನರ್ ಒಗ್ಗಿಲ್ಲ. ಸ್ಕ್ಯಾನರ್ ಬಲ್ಲ ಹುಡುಗರು ಪಾಯಿಂಟಿನ ಅಂತರ ಇಟ್ಟವರಲ್ಲ. ಐಟಿಐಗಳ ಪಾಠಪಟ್ಟಿ ಹೊಸ ಗಾಡಿಗಳತ್ತ ಓಡುವುದು ಸಹಜವೇ. ಈ ಎರಡು ತಲೆಮಾರುಗಳ ಅರಿವು ಒಂದೇ ಗ್ಯಾರೇಜಿನಲ್ಲಿ ಕೂಡುವ ಏರ್ಪಾಡು ಹೇಗಾಗಬೇಕು, ಅದರ ಹೊಣೆ ಯಾರು ಹೊರಬೇಕು ಎಂಬುದು ತೀರ್ಮಾನವಾಗಿಲ್ಲ. ಅದು ತೀರ್ಮಾನವಾಗುವವರೆಗೆ ನಡುಗುವ ಗಾಡಿಯ ಮಾಲೀಕ ಮಾಡಬಹುದಾದದ್ದು ಒಂದಿದೆ: ಯಾವ ಭಾಗ ಬದಲಿಸಬೇಕೆಂದು ಕೇಳುವ ಮೊದಲು, ಯಾವ ಪರೀಕ್ಷೆಯಿಂದ ಅದು ಗೊತ್ತಾಯಿತೆಂದು ಕೇಳುವುದು.